ಕಾಲು ಸರಿಹೋಯ್ತಲ್ಲ, ಇನ್ನೇನು ನಿಂದು?

ನಿನ್ನೆ ಸಂಜೆ ಅತ್ತೆ ಮಾರ್ಕೆಟ್ಟಿನಿಂದ ಬಂದರು. ಚೀಲದಿಂದ ಎರಡು ದೊಡ್ಡ ಕಟ್ಟು ಕೊತ್ತಂಬರಿ ಸೊಪ್ಪು ತೆಗೆದು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟರು. "ಅಭ್ಯಾಸ ಆಗ್ಲಿ ಅಂತ ತಂದೆ ಕಣಮ್ಮ" ಅಂದರು. ಆಗ ಬಂದ ಸಿಟ್ಟನ್ನು ಅವರ ಮುಂದೆ ತೋರಿಸಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊತ್ತಂಬರಿ ಮೇಲೂ ಸಿಟ್ಟಾ ಅಂತ ನಗಬೇಡಿ. ಹತ್ತು ತಿಂಗಳ ಹಿಂದೆ ಮೈಸೂರಿನ ರಿಂಗ್ ರೋಡಿನಲ್ಲಿ ಜಲ್ಲಿ ತುಂಬಿದ್ದ ಟಿಪ್ಪರ್ ನನ್ನ ಸ್ಕೂಟಿಗೆ ಹಿಂದಿನಿಂದ ಗುದ್ದಿತು. ಮುಂದೆ ಕಾಲಿನ ಹತ್ತಿರ ತರಕಾರಿ ಚೀಲ ಇಟ್ಟುಕೊಂಡಿದ್ದೆ. ಬಿದ್ದಾಗ ಸ್ಕೂಟಿ ನನ್ನ ಬಲಗಾಲಿನ ಮೇಲೆ, ನನ್ನ ಮುಖ ಆ ಚೀಲದ ಪಕ್ಕ. ಜಜ್ಜಿಹೋದ ಕೊತ್ತಂಬರಿ ಮೂಗಿಗೆ ಅಂಟಿಕೊಂಡಿತ್ತು. ಜನ ಬಂದು ಗಾಡಿ ಎತ್ತುವವರೆಗೂ ಅದೇ ವಾಸನೆ. ಹಿಂದೆ ಟಿಪ್ಪರಿನ ಏರ್ ಬ್ರೇಕ್ 'ಪುಸ್ಸ್' ಅಂದ ಸದ್ದು. ಉಳಿದದ್ದು ಅರ್ಧಂಬರ್ಧ ನೆನಪು. ಇವೆರಡು ಮಾತ್ರ ನಿನ್ನೆ ಆದ ಹಾಗೆ ಇವೆ.

ಮೊಣಕಾಲಿನ ಕೆಳಗಿನ ಮೂಳೆ ಎರಡು ತುಂಡಾಗಿತ್ತು. ಆಪರೇಷನ್ ಮಾಡಿ ರಾಡ್ ಹಾಕಿದರು. ಆಗ ಮನೆ ತುಂಬ ಜನ. ಸೇಬು, ಮೂಸಂಬಿ, ಹಾರ್ಲಿಕ್ಸ್ ಬಾಟಲಿ. ಯಾರೋ ಕಾಲು ಸೂಪ್ ಮಾಡಿಸಿ ಕಳಿಸಿದರು. ಎಕ್ಸ್‌ರೇಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡದ ನೆಂಟರೇ ಇಲ್ಲ. "ಅಯ್ಯೋ, ಸ್ಕ್ರೂ ಕಾಣುತ್ತೆ ನೋಡಿ!" ಅಂತ ಮಕ್ಕಳಿಗೂ ತೋರಿಸಿದರು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟಾಗ ಚಪ್ಪಾಳೆ ತಟ್ಟಿದರು. ಯಾರೂ "ಏಳು, ಓಡು" ಅನ್ನಲಿಲ್ಲ. ಮೊದಲು ವಾಕರ್, ಆಮೇಲೆ ಕೋಲು, ಆಮೇಲೆ ಗೋಡೆ ಹಿಡಿದು, ಆಮೇಲೆ ಕೈ ಬಿಟ್ಟು. ಮೂಳೆ ಕೂಡಲು ಟೈಮ್ ಬೇಕು ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಆದರೆ ಕೋಲು ಬಿಟ್ಟ ದಿನವೇ ನನ್ನ ಸಹಾನುಭೂತಿಯ ಕೋಟಾ ಮುಗಿದುಹೋಯಿತು ನೋಡಿ.

ರಾತ್ರಿ ಮೂರು ಗಂಟೆಗೆ ಬೆವರಿ ಏಳುತ್ತೇನೆ. ಬೀದಿಯಲ್ಲಿ ಬಸ್ಸು ಪುಸ್ಸ್ ಅಂದರೆ ಕೈಯಲ್ಲಿರುವ ಲೋಟ ಬೀಳುತ್ತದೆ. ಆಟೋದಲ್ಲಿ ಕೂತರೆ ಪೂರ್ತಿ ದಾರಿ ಹಿಂದೆ ತಿರುಗಿ ನೋಡುತ್ತಿರುತ್ತೇನೆ. ಸಾರಿಗೆ ಕೊತ್ತಂಬರಿ ಹೆಚ್ಚಿದರೆ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ಇದಕ್ಕೆ ಎಕ್ಸ್‌ರೇ ಇಲ್ಲ. ಕಿಟಕಿಗೆ ಹಿಡಿದು ತೋರಿಸಲು ಏನೂ ಇಲ್ಲ. ಹಾಗಾಗಿ ಇದು ನಾಟಕ.

"ಕೊತ್ತಂಬರಿ ಇಲ್ದೆ ಇರೋದು ಸಾರಾ?" ಇದು ಅತ್ತೆ. "ಗಾಳಿ ಸೋಕಿರ್ಬೇಕು, ಒಂದು ಅಂತ್ರ ಕಟ್ಟಿಸು" ಇದು ಊರಿನ ದೊಡ್ಡಮ್ಮ. ಪಾಪ, ಅವರೊಬ್ಬರು ನನಗೆ ಏನೋ ಆಗಿದೆ ಅಂತಲಾದರೂ ಒಪ್ಪಿಕೊಂಡರು. ಉಳಿದವರದು ಒಂದೇ ಪಲ್ಲವಿ. "ಕಾಲು ಸರಿಹೋಯ್ತಲ್ಲ, ಇನ್ನೇನು ನಿಂದು? ದೇವರು ದೊಡ್ಡವನು, ತಲೆಗೆ ಬೀಳಲಿಲ್ಲ ಅನ್ಕೋ."

ತಲೆಗೇ ಬಿದ್ದಿದೆ ಸ್ವಾಮಿ. ಅದನ್ನೇ ತಾನೇ ಹೇಳ್ತಾ ಇರೋದು.

ಹೊಲಿಗೆ ಬಿಚ್ಚುವ ದಿನವೇ ಡಾಕ್ಟರಿಗೆ ಹೇಳಿದ್ದೆ, ನಿದ್ದೆ ಬರುತ್ತಿಲ್ಲ, ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ ಅಂತ. ಅವರು ತಲೆ ಎತ್ತದೆ "ಟೆನ್ಶನ್ ಮಾಡ್ಕೋಬೇಡಿ" ಅಂದು ಅಲ್‌ಪ್ರಾಜೋಲಮ್ ಅನ್ನುವ ಆತಂಕದ ಮಾತ್ರೆ ಬರೆದುಕೊಟ್ಟರು. ಇಂಥ ಆಘಾತ ಆದ ಮೊದಲ ತಿಂಗಳಲ್ಲಿ ನಿದ್ದೆ ಇಲ್ಲ ಅಂತ ಈ ಜಾತಿಯ ಮಾತ್ರೆ ಕೊಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ನನಗೆ ಇದು ಗೊತ್ತಾಗಿದ್ದು ಆರು ತಿಂಗಳ ಮೇಲೆ. ಆಗ ನನಗೆ ಬೇಕಿದ್ದದ್ದು ಒಂದು ಮಾತು, ಅಷ್ಟೇ. "ಇಂಥ ಏಟು ಬಿದ್ದವರಿಗೆ ಹೀಗಾಗೋದುಂಟು, ಹೆಚ್ಚಿನವರಿಗೆ ತಾನಾಗೇ ಕಡಿಮೆಯಾಗುತ್ತೆ, ಒಂದು ತಿಂಗಳು ದಾಟಿದರೂ ಹೋಗದಿದ್ದರೆ ಮನಸ್ಸಿನ ಡಾಕ್ಟರ್ ಹತ್ತಿರ ಹೋಗಿ." ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಮೂಳೆಗೆ ಕ್ಯಾಲ್ಸಿಯಂ ಮಾತ್ರೆ ಹೇಗೆ ನುಂಗಬೇಕು ಅಂತ ಹೇಳಲು ಅದಕ್ಕಿಂತ ಜಾಸ್ತಿ ಹೊತ್ತು ತಗೊಂಡಿದ್ದರು.

ನಮ್ಮ ಭಾವನವರ ಕತೆ ಬೇರೆ. ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತ ಆದಮೇಲೆ ಮನಸ್ಸಿಗೆ ಅಂಟುವ ಕಾಯಿಲೆ, ಅಂತ ಬಾಯಿ ಬಿಟ್ಟಿದ್ದೇ ತಪ್ಪಾಯಿತು. "ಅದು ಮಿಲಿಟರಿಯವರಿಗೆ ಬರೋದು, ನೀನೇನು ಕಾರ್ಗಿಲ್‌ಗೆ ಹೋಗಿದ್ಯಾ?" ಅಂತ ಊಟಕ್ಕೆ ಕೂತವರನ್ನೆಲ್ಲ ನಗಿಸಿದರು. ಆ ಹೆಸರು ಅಮೆರಿಕದ ಮನೋವೈದ್ಯರ ಕಾಯಿಲೆಗಳ ಪಟ್ಟಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಬಂದವರ ಗೋಳು ಅದಕ್ಕೆ ದೊಡ್ಡ ಕಾರಣ, ನಿಜ. ಆದರೆ ಅದಕ್ಕೂ ನೂರು ವರ್ಷಕ್ಕೆ ಮೊದಲೇ ಇಂಗ್ಲೆಂಡಿನಲ್ಲಿ ರೈಲು ಅಪಘಾತ ಆದವರಿಗೆ ಇದೇ ತರಹ ಆಗುತ್ತಿತ್ತು. ಮೈಮೇಲೆ ದೊಡ್ಡ ಗಾಯ ಇಲ್ಲ, ಆದರೆ ನಿದ್ದೆ ಇಲ್ಲ, ನಡುಕ, ರೈಲು ಹತ್ತಲು ಭಯ. 1866ರಲ್ಲಿ ಎರಿಕ್ಸೆನ್ ಅನ್ನುವ ಸರ್ಜನ್ ಇದರ ಬಗ್ಗೆ ಬರೆದರು. ಬೆನ್ನುಹುರಿ ಅಲುಗಾಡಿ ಹೀಗಾಗುತ್ತದೆ ಅಂತ ಅವರು ಅಂದುಕೊಂಡಿದ್ದರು, ಅದಕ್ಕೇ 'ರೈಲ್ವೆ ಸ್ಪೈನ್' ಅಂತ ಹೆಸರು ಬಿತ್ತು. ರೈಲ್ವೆ ಕಂಪನಿಗಳ ಕಡೆಯವರು ಏನು ಅನ್ನುತ್ತಿದ್ದರು ಗೊತ್ತಾ? ಇದೆಲ್ಲ ಪರಿಹಾರದ ದುಡ್ಡಿಗಾಗಿ ನಾಟಕ ಅಂತ. ನಮ್ಮ ಭಾವ ಆಗ ಹುಟ್ಟಿದ್ದರೆ ಒಳ್ಳೆ ಕೆಲಸ ಸಿಗುತ್ತಿತ್ತು.

ಪರಿಹಾರ ಅಂದಾಗ ನೆನಪಾಯಿತು. ಕೇಸು ನಡೆಸುವ ವಕೀಲರಿಗೂ ಇದನ್ನು ಹೇಳಿದೆ. "ಮೇಡಂ, ಕಾಲಿಗೆ ಡಾಕ್ಟರ್ ಹತ್ರ ಅಂಗವೈಕಲ್ಯದ ಪರ್ಸೆಂಟೇಜ್ ಹಾಕಿಸ್ಕೊಂಡು ಬನ್ನಿ. ಭಯಕ್ಕೆ ಬಿಲ್ ಇದೆಯಾ?" ಅಂದರು. ನಗುತ್ತಲೇ ಅಂದರು. ಅಪಘಾತದ ಪರಿಹಾರ ಲೆಕ್ಕ ಹಾಕುವಾಗ ನೋವು, ಸಂಕಟ, ಆಘಾತ ಅಂತಲೇ ಒಂದು ಬಾಬ್ತು ಇದೆ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಬಿಡಿಸಿ ಹೇಳಿದೆ. ಅದು ನಾನು ಅವರಿಗೆ ಹೇಳಬೇಕಾ, ಅವರು ನನಗೆ ಹೇಳಬೇಕಾ? ಇನ್ಶೂರೆನ್ಸ್‌ನದೂ ಇದೇ ಹಾಡು. ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡಬಾರದು ಅಂತ 2017ರ ಕಾಯ್ದೆ ಇದೆ. ಆದರೆ ನನ್ನ ಪಾಲಿಸಿ ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುತ್ತದೆ. ವಾರಕ್ಕೊಂದು ಸಲ ಕೌನ್ಸೆಲಿಂಗ್‌ಗೆ ಹೋಗಿ ಬರುವುದು ನನ್ನದೇ ಖರ್ಚು. ನಡೆದುಕೊಂಡು ಹೋಗಿ ಬರುವವಳಿಗೆ ಕಾಯಿಲೆ ಏನು, ಅಲ್ವಾ?

ಸರ್ಕಾರದ ಲೆಕ್ಕದ ಪ್ರಕಾರ 2022 ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಗಾಯಗೊಂಡವರು 4.43 ಲಕ್ಷ ಜನ. ಇವರಲ್ಲಿ ಎಷ್ಟು ಮಂದಿ ಮನೆಯಲ್ಲಿ ಕೂತು "ಇನ್ನೇನು ನಿಂದು" ಅನ್ನಿಸಿಕೊಳ್ಳುತ್ತಿದ್ದಾರೋ.

ಒಂದು ರಾತ್ರಿ ತಡೆಯಲಾರದೆ 14416ಕ್ಕೆ ಫೋನ್ ಮಾಡಿದೆ. ಮನಸ್ಸಿನ ತೊಂದರೆಗೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ. ಆ ಕಡೆಯ ಹುಡುಗಿ ಕನ್ನಡದಲ್ಲೇ "ಎಷ್ಟು ದಿನದಿಂದ ಹೀಗಾಗ್ತಿದೆ?" ಅಂದಳು. ನಾನು ಅತ್ತುಬಿಟ್ಟೆ. ಎಂಟು ತಿಂಗಳಲ್ಲಿ ಈ ಪ್ರಶ್ನೆ ಕೇಳಿದ್ದು ಅವಳೇ ಮೊದಲು. ಅಲ್ಲಿಂದಲೇ ಈಗ ನೋಡುತ್ತಿರುವ ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋಗುವ ದಾರಿ ಸಿಕ್ಕಿತು.

ಕೊತ್ತಂಬರಿ ಗುಟ್ಟು ಬಿಡಿಸಿ ಹೇಳಿದವರೂ ಅವರೇ. ಕಂಡದ್ದು, ಕೇಳಿದ್ದು ಮೆದುಳಿನಲ್ಲಿ ಒಂದು ಸುತ್ತು ಹಾಕಿ ಬರುತ್ತದಂತೆ. ವಾಸನೆಗೆ ಮಾತ್ರ ಒಳದಾರಿ ಇದೆ. ಭಯದ ಗಂಟೆ ಬಾರಿಸುವ ಅಮಿಗ್ಡಲಕ್ಕೆ ಅದು ಸೀದಾ ಹೋಗಿ ಮುಟ್ಟುತ್ತದೆ. "ಇದು ಸಾರು, ರಿಂಗ್ ರೋಡಲ್ಲ" ಅಂತ ನಾನು ಯೋಚನೆ ಮಾಡುವಷ್ಟರಲ್ಲಿ ಗಂಟೆ ಹೊಡೆದಾಗಿರುತ್ತದೆ. ಹಟ ಅಲ್ಲ, ಸೋಗು ಅಲ್ಲ.

ಅಭ್ಯಾಸ ಮಾಡಿಸುವುದು ಅವರ ಹತ್ತಿರವೂ ಇದೆ, ಮಾಡಿಸುತ್ತಲೂ ಇದ್ದಾರೆ. ಮೊದಲ ವಾರ ನಿಂತ ಸ್ಕೂಟಿಯನ್ನು ದೂರದಿಂದ ನೋಡುವುದು. ಆಮೇಲೆ ಅದರ ಮೇಲೆ ಐದು ನಿಮಿಷ ಕೂರುವುದು, ಕೀ ಹಾಕದೆ. ಮುಂದಿನ ಮೆಟ್ಟಿಲು ಯಾವಾಗ ಅನ್ನುವುದು ನನ್ನ ಕೈಯಲ್ಲಿ. ಸಾಕು ಅಂದರೆ ಸಾಕು. ವಾಕರ್, ಕೋಲು, ಗೋಡೆ, ಅದೇ ಲೆಕ್ಕ. ಕೊತ್ತಂಬರಿ ಸರದಿ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಎರಡು ಕಟ್ಟು ತಂದು ಮುಖಕ್ಕೆ ಹಿಡಿದರೆ ಅದು ಅಭ್ಯಾಸ ಅಲ್ಲ ಅತ್ತೆ. ಆಪರೇಷನ್ ಆದ ಮಾರನೇ ದಿನ ನನ್ನನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುತ್ತಿದ್ದರಾ?

ಇದನ್ನು ಅವರಿಗೆ ಹೇಳಬೇಕು ಅಂತ ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೇನೆ. ಅವರು ಕೆಟ್ಟವರಲ್ಲ. ಆಸ್ಪತ್ರೆಯಲ್ಲಿ ಹತ್ತು ದಿನ ನನ್ನ ಬೆಡ್‌ಪ್ಯಾನ್ ಎತ್ತಿದವರು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಬರುವುದು.

ಸೊಪ್ಪು ಫ್ರಿಜ್ಜಿನಲ್ಲಿದೆ. ಬಾಗಿಲು ತೆಗೆದರೆ ಗಮ್ ಅನ್ನುತ್ತದೆ. ಮೊಸರು ಬೇಕಿತ್ತು, ತೆಗೆಯಲಿಲ್ಲ. ಮಗ ಸ್ಕೂಲಿಂದ ಬಂದ ಮೇಲೆ ಎದುರುಮನೆಗೆ ಕೊಟ್ಟು ಬಾ ಅನ್ನಬೇಕು.