ಗಂಟಲ ಗೆರೆ ಇದ್ದದ್ದೆಲ್ಲ ಬೆಸ್ರಾ ಅಲ್ಲ

ಇವತ್ತು ಜಾಲತಾಣದಲ್ಲಿ ಮತ್ತೊಂದು ಫೋಟೋ. ಆಗುಂಬೆಯಲ್ಲಿ ತೆಗೆದದ್ದು, ಕೊಂಬೆಯ ಮೇಲೆ ಕಂದು ಬಣ್ಣದ ಗಿಡುಗ, ಕೆಳಗೆ ‘ಬೆಸ್ರಾ’ ಅಂತ ಬರೆದಿದ್ದಾರೆ. ಸಾಲು ಸಾಲು ಅಭಿನಂದನೆ. ಯಾವ ಆಧಾರದ ಮೇಲೆ ಅಂತ ಯಾರೋ ಕೇಳಿದ್ದಕ್ಕೆ ಉತ್ತರ: “ಗಂಟಲಲ್ಲಿ ಗೆರೆ ಇದೆಯಲ್ಲ ಸಾರ್.” ಬೆಸ್ರಾ, ಶಿಕ್ರಾ ಎರಡೂ ನೋಡಲು ಒಂದೇ ಥರದ ಸಣ್ಣ ಗಿಡುಗಗಳು. ಆ ಗೆರೆ ಶಿಕ್ರಾಗೂ ಇದೆ, ಸ್ವಾಮಿ! ಅದರಲ್ಲೂ ಎಳೆಯ ಶಿಕ್ರಾದ ಗೆರೆ ಎಷ್ಟು ಕಪ್ಪಗೆ, ದಪ್ಪಗೆ ಇರುತ್ತದೆಂದರೆ ಬೆಸ್ರಾ ಅನ್ನಿಸುವುದು ಸಹಜ. ಅನ್ನಿಸಲಿ, ಆದರೆ ಬರೆಯುವ ಮುಂಚೆ ಬಾಲ ನೋಡಿ.

ಬೆಸ್ರಾ ಬಾಲದಲ್ಲಿ ಕಪ್ಪು ಪಟ್ಟೆಗಳು ಕಡಿಮೆ, ಆದರೆ ಅಗಲ. ನಡುವಿನ ತಿಳಿ ಪಟ್ಟೆಯಷ್ಟೇ ಅಗಲ. ಶಿಕ್ರಾದ ಪಟ್ಟೆಗಳು ಸಪೂರ, ಎಣಿಕೆಯಲ್ಲಿ ಹೆಚ್ಚು. ಬೆಳೆದ ಗಂಡು ಶಿಕ್ರಾದಲ್ಲಿ ಬಾಲದ ನಡುವಿನ ಗರಿಗಳು ಹೆಚ್ಚುಕಡಿಮೆ ಬೋಳು ಬೂದು. ಆಮೇಲೆ ಮಡಚಿದ ರೆಕ್ಕೆ ನೋಡಿ. ಬೆಸ್ರಾದಲ್ಲಿ ರೆಕ್ಕೆಯ ತುದಿ ಉಳಿದ ಗರಿಗಳನ್ನು ದಾಟಿ ಸ್ವಲ್ಪವೇ ಹೊರಚಾಚಿರುತ್ತದೆ, ಶಿಕ್ರಾದಲ್ಲಿ ಸ್ಪಷ್ಟವಾಗಿ ಉದ್ದ. ಬೆಳೆದ ಹಕ್ಕಿಯಾದರೆ ಕೆಲಸ ಇನ್ನೂ ಸುಲಭ. ಶಿಕ್ರಾದ ಬೆನ್ನು ತಿಳಿ ಬೂದು, ಎದೆಯಿಡೀ ನವಿರಾದ ಕೆಂಗಂದು ಅಡ್ಡಗೆರೆ. ಬೆಸ್ರಾದ ಬೆನ್ನು ಕಡುಗಪ್ಪು ಬೂದು, ಎದೆಯ ನಡುವೆ ಉದ್ದುದ್ದ ಗೀಟು, ಹೊಟ್ಟೆಗೆ ಬಂದಾಗ ಅಡ್ಡಪಟ್ಟೆ. ಗಂಟಲ ಗೆರೆ ಇವೆಲ್ಲದರ ಜೊತೆಗೆ ಸೇರಿದರೆ ಸಾಕ್ಷಿ. ಒಂಟಿಯಾಗಿ ಏನೂ ಅಲ್ಲ.

ಹಾರುವಾಗ ರೆಕ್ಕೆಯ ‘ಬೆರಳು’, ಅಂದರೆ ತುದಿಯಲ್ಲಿ ಬಿಡಿಬಿಡಿಯಾಗಿ ಚಾಚುವ ಗರಿ, ಎಣಿಸಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಸಲಹೆ, ಆದರೆ ಅರ್ಧ. ಶಿಕ್ರಾಗೂ ಐದು, ಬೆಸ್ರಾಗೂ ಐದು. ಆರು ಬಂದರೆ ಕ್ರೆಸ್ಟೆಡ್ ಗೋಸ್‌ಹಾಕ್ ಅಥವಾ ಚಳಿಗಾಲದ ಅತಿಥಿ ಯುರೇಷ್ಯನ್ ಸ್ಪ್ಯಾರೋಹಾಕ್. ಅವೆರಡರಲ್ಲಿ ಸ್ಪ್ಯಾರೋಹಾಕ್‌ಗೆ ಗಂಟಲ ಗೆರೆಯೇ ಇಲ್ಲ, ಕಾಲು ಕಡ್ಡಿಯಂತೆ ಸಪೂರ. ಗೋಸ್‌ಹಾಕ್‌ಗೆ ಗೆರೆ ಎದ್ದು ಕಾಣುತ್ತದೆ, ಕಾಲು ಗಿಡ್ಡ, ದಪ್ಪ. ಗರಿ ಉದುರಿಸುವ ಕಾಲದಲ್ಲಿ ಒಂದು ಗರಿ ಬಿದ್ದಿದ್ದರೆ ಆರು ಐದಾಗುತ್ತದೆ. ಎರಡೂ ರೆಕ್ಕೆ ಎಣಿಸಿ, ಹೊಂದದಿದ್ದರೆ ಆ ಫೋಟೋದಿಂದ ತೀರ್ಮಾನ ಬೇಡ. ಶಿಕ್ರಾ ಮತ್ತು ಬೆಸ್ರಾಗಳ ನಡುವೆ ಬೆರಳಿಗಿಂತ ರೆಕ್ಕೆಯ ತಳವೇ ಹೆಚ್ಚು ಹೇಳುತ್ತದೆ. ಬೆಸ್ರಾದ್ದು ದಟ್ಟ ಪಟ್ಟೆ, ಶಿಕ್ರಾದ್ದು ಬೆಳ್ಳಗೆ, ಪಟ್ಟೆ ಮಸುಕು. ಆದರೆ ಬಿಳಿ ಆಕಾಶದ ಎದುರು ಎಲ್ಲ ಗಿಡುಗವೂ ಕಪ್ಪೇ! ಕ್ಯಾಮೆರಾದಲ್ಲಿ ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಒಂದು ಸ್ಟಾಪ್ ಏರಿಸಿ, ಶಟರ್ ವೇಗ ಸೆಕೆಂಡಿನ 1/2000ಕ್ಕೆ ಇಟ್ಟು ಸಾಲಾಗಿ ಒತ್ತಿ. ಆ ಸಾಲಿನ ಚಂದದ ಒಂದನ್ನಷ್ಟೇ ಉಳಿಸಿಕೊಳ್ಳಬೇಡಿ. ಮಸುಕಾದ, ಬಾಲ ಬಿಚ್ಚಿದ ಚಿತ್ರವೇ ಗುರುತು ಹೇಳುವುದು.

ಗಾತ್ರ ನಂಬಬೇಡಿ, ಈ ಗುಂಪಿನಲ್ಲಿ ಹೆಣ್ಣೇ ದೊಡ್ಡದು. ಕೂಗನ್ನೂ ಪೂರ್ತಿ ನಂಬಬೇಡಿ, ಶಿಕ್ರಾ ಕೂಗನ್ನು ಕಾಜಾಣ ಸೊಗಸಾಗಿ ನಕಲು ಮಾಡುತ್ತದೆ. ಜಾಗವೂ ಹಾಗೆಯೇ. ಬೆಸ್ರಾ ಮಲೆನಾಡಿನ ದಟ್ಟ ಕಾಡಿನದು ನಿಜ, ಆದರೆ ಕಬ್ಬನ್ ಪಾರ್ಕಿನಲ್ಲಿರುವ ಶಿಕ್ರಾ ಕಾಡಂಚಿನಲ್ಲೂ ಇದೆ.

“ಹಕ್ಕಿ ನೋಡಿ ಖುಷಿಪಟ್ಟರೆ ಸಾಲದೇ, ಹೆಸರಿನ ಹಠ ಯಾಕೆ?” ಅಂತ ಕೇಳುವವರಿದ್ದಾರೆ. ಖುಷಿ ಪಡಿ, ಯಾರೂ ಬೇಡ ಅನ್ನಲಿಲ್ಲ. ಆದರೆ ಅದೇ ಹೆಸರು ಹಕ್ಕಿ ದಾಖಲೆಗಳ ಜಾಲತಾಣ ಈಬರ್ಡ್‌ಗೆ ಹೋಗುತ್ತದೆ, ಅಲ್ಲಿಂದ ನಕ್ಷೆಗೆ ಹೋಗುತ್ತದೆ. ನಾಳೆ ಯಾರೋ ಆ ನಕ್ಷೆ ನೋಡಿ ಈ ಕಾಡಿನಲ್ಲಿ ಬೆಸ್ರಾ ಬೇಕಾದಷ್ಟಿದೆ ಅಂತ ತಿಳಿಯುತ್ತಾರೆ. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ, ಸಿಟ್ಟು ಬರುವುದೂ ಅದಕ್ಕೇ. ಬಾಲ ಕಾಣದಿದ್ದರೆ, ರೆಕ್ಕೆಯ ತಳ ಸಿಗದಿದ್ದರೆ, ಪ್ರಭೇದ ಹೇಳದೆ ಬರಿಯ ‘ಗಿಡುಗ’ ಅಂತ ದಾಖಲಿಸುವ ಆಯ್ಕೆ ಈಬರ್ಡ್‌ನಲ್ಲೇ ಇದೆ. ಆಗುಂಬೆಯ ಆ ಫೋಟೋದಲ್ಲಿ ಬಾಲ ಎಲೆಯ ಹಿಂದಿದೆ, ರೆಕ್ಕೆಯ ತುದಿ ಚೌಕಟ್ಟಿನ ಆಚೆ. ತೆಗೆದವರ ಹತ್ತಿರ ಬೇರೆ ಚಿತ್ರಗಳಿದ್ದರೆ, ಎಷ್ಟೇ ಮಸುಕಾಗಿರಲಿ, ದಯವಿಟ್ಟು ಹಾಕಿ.