ಗುಟ್ಟು ನಿಲ್ಲದ ಸೊಸೈಟಿ

ಜಗತ್ತನ್ನು ಆಳುವ ಸೀಕ್ರೆಟ್ ಸೊಸೈಟಿ ಇದೆಯೆಂದು ಯಾರಾದರೂ ನಂಬಲಿ, ಮುಂಬಯಿ ಕನ್ನಡಿಗರು ನಂಬಬಾರದು. ನಮ್ಮಲ್ಲಿ ಸೊಸೈಟಿ ಅಂದರೆ ಬಿಲ್ಡಿಂಗು. ವಾರ್ಷಿಕ ಸಭೆಗೆ 14 ದಿನ ಮೊದಲೇ ನೋಟಿಸು ಹಚ್ಚಿದರೂ ಬರುವವರು ಏಳೇ ಜನ. ಎರಡನೇ ಮಾಳಿಗೆಯಲ್ಲಿ ಬಂಗುಡೆ ಹುರಿದದ್ದು ಮಾತ್ರ ಯಾವ ನೋಟಿಸೂ ಇಲ್ಲದೆ ಏಳನೆಯ ಮಾಳಿಗೆಗೆ ಗೊತ್ತು.

ಆದರೂ ಮುಲುಂಡಿನ ಯಾವುದೋ ಬಿಲ್ಡಿಂಗಿನ 'ಬಿ' ವಿಂಗಿಗೆ ಬೆಳಿಗ್ಗೆ ನೀರು ನಿಂತಿತೆನ್ನಿ. ಸೋಪು ಹಚ್ಚಿಕೊಂಡವರು ಹೊರಗೆ ಬರುವುದರೊಳಗೆ ವಾಟ್ಸಾಪಿನಲ್ಲಿ ತೀರ್ಪು ಸಿದ್ಧ: "ಚೇರ್ಮನ್ ಇರೋದು 'ಎ' ವಿಂಗಲ್ಲಿ, ಅರ್ಥ ಮಾಡ್ಕೊಳ್ಳಿ." ಟೆರೇಸ್ ಹತ್ತುವವರಿಲ್ಲ. ಹತ್ತಿದರೆ ಕಾಣುವುದು ಇಷ್ಟು: ಟ್ಯಾಂಕರ್ ನೀರಿನ ಸುಣ್ಣ ಕಟ್ಟಿ, ಟ್ಯಾಂಕು ತುಂಬಿದಾಗ ತೇಲುವ ಚೆಂಡಿನಿಂದ ನೀರು ನಿಲ್ಲಿಸುವ ಫ್ಲೋಟ್ ವಾಲ್ವಿನ ದಂಡ ಮೇಲೆಯೇ ಕಚ್ಚಿಕೊಂಡಿದೆ. ನೀರು ಇಳಿದರೂ ಚೆಂಡು ಇಳಿಯದು, ವಾಲ್ವ್ ತೆರೆಯದು. ಪಂಪು ಏರಿಸಿದ್ದೆಲ್ಲ ಪಕ್ಕದ ಟ್ಯಾಂಕಿಗೆ. ಪಂಪು ನಿಲ್ಲಿಸಿ, ದಂಡವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಸಡಿಲವಾದರೆ ತಿರುಗಣೆಯ ಪಿನ್ನು ಕಳಚಿ ಅರ್ಧ ಗಂಟೆ ವಿನೆಗರಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಆಮೇಲೂ ನೀರಿಲ್ಲವೋ, ಪೈಪಿನ ಗೇಟ್ ವಾಲ್ವನ್ನು ಯಾರೋ ಮುಚ್ಚಿ ಮರೆತಿರಬೇಕು.

ಇದರಿಂದ ಯಾರಿಗೂ ಸಮಾಧಾನವಿಲ್ಲ. ಚೇರ್ಮನ್ನನ್ನು ಬೈಯಬಹುದು, ಪಿನ್ನನ್ನು ಬೈಯಲಾದೀತೆ? ಅಷ್ಟು ದೊಡ್ಡ ಗೋಳಿಗೆ ಇಷ್ಟು ಸಣ್ಣ ಕಾರಣ ಅಂದರೆ ಅವಮಾನವೇ ಸರಿ.

ಜಗತ್ತನ್ನು ಗುಟ್ಟಾಗಿ ಆಳುತ್ತದೆ ಎನ್ನುವ ಇಲ್ಯುಮಿನಾಟಿಯ ಕತೆಯೂ ಇದೇ. 1776ರ ಮೇ 1ರಂದು ಬವೇರಿಯಾದಲ್ಲಿ ಆಡಂ ವೈಸ್‌ಹಾಪ್ಟ್ ಎಂಬ ಪ್ರಾಧ್ಯಾಪಕ ಕಟ್ಟಿದ ಸಂಘ ಅದು. ಹತ್ತು ವರ್ಷ ತುಂಬುವ ಮೊದಲೇ ಸರ್ಕಾರ ನಿಷೇಧಿಸಿತು. ಸಿಕ್ಕಿದ ಗುಟ್ಟಿನ ಕಾಗದಗಳನ್ನು 1787ರಲ್ಲಿ ತಾನೇ ಅಚ್ಚು ಹಾಕಿಸಿತು. ಡಾಲರ್ ನೋಟಿನ ಪಿರಮಿಡ್ಡಿನಡಿ ಇರುವ 1776 ಈ ಸಂಘದ್ದೇ ಗುರುತು ಅನ್ನುವವರಿದ್ದಾರೆ; ಅದು ಅಮೆರಿಕದ ಸ್ವಾತಂತ್ರ್ಯದ ವರ್ಷ. ಕಾಗೆ ಕೂತಿತು, ಕೊಂಬೆ ಮುರಿಯಿತು. ಕಾಗೆಯ ಮೇಲೆ ಕೇಸು.

ವಿ.ಟಿ. (ಈಗಿನ ಸಿ.ಎಸ್.ಎಂ.ಟಿ.) ಸ್ಟೇಷನ್ನಿನಲ್ಲಿ ಇಳಿದು ಫೋರ್ಟಿನಲ್ಲಿ ಸುತ್ತಿದರೆ, ಗುಟ್ಟಿನ ಸಂಘವೆಂದೇ ಹೆಸರಾದ ಫ್ರೀಮೇಸನ್ನರ ಹಾಲೂ ಸಿಗುತ್ತದೆ, ರಿಸರ್ವ್ ಬ್ಯಾಂಕೂ ಸಿಗುತ್ತದೆ. ಸಂಶಯಪಿಶಾಚಿಗಳಿಗೆ ಇನ್ನೇನು ಬೇಕು! 2016ರಲ್ಲಿ 2000 ರೂಪಾಯಿ ನೋಟಿನಲ್ಲಿ ಜಿಪಿಎಸ್ ಚಿಪ್ಪಿದೆ, ನೆಲದಡಿ ಹೂತರೂ ಸಿಕ್ಕಿಬೀಳುತ್ತೀರಿ ಎಂದು ಹಬ್ಬಿತ್ತಲ್ಲ? ಸುಮಾರು 20,000 ಕಿಲೋಮೀಟರ್ ಎತ್ತರದ ಜಿಪಿಎಸ್ ಉಪಗ್ರಹ ಕೇವಲ ಸಂಕೇತ ಕಳಿಸುತ್ತದೆ. ಅದನ್ನು ಹಿಡಿದು ಲೆಕ್ಕ ಹಾಕಲು ಕೆಳಗೊಂದು ರಿಸೀವರು, ಅದಕ್ಕೊಂದು ಬ್ಯಾಟರಿ, ಉತ್ತರ ವಾಪಸು ಕಳಿಸಲು ಬೇರೆ ಟ್ರಾನ್ಸ್‌ಮಿಟರು ಬೇಕು. ಮಡಚಿ ಸೊಂಟಕ್ಕೆ ಸಿಕ್ಕಿಸುವ ಕಾಗದದಲ್ಲಿ ಇದೆಲ್ಲ ಎಲ್ಲಿ? 2023ರ ಮೇಯಲ್ಲಿ ನೋಟನ್ನು ಹಿಂದೆ ಪಡೆದರು, ಸುದ್ದಿಯನ್ನು ಯಾರೂ ಹಿಂದೆ ಪಡೆಯಲಿಲ್ಲ.

ಅತ್ತ ಟೆರೇಸಿನಲ್ಲಿ ಪ್ಲಂಬರ್ ಪಿನ್ನು ಉಜ್ಜಿ, ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾನೆ. 'ಬಿ' ವಿಂಗಿಗೆ ನೀರು ಬರುತ್ತದೆ. ಎರಡು ನಿಮಿಷ ಮೌನ. ಆಮೇಲೆ ಒಂದು ಮೆಸೇಜು: "ಸರಿ, ಆ ಟ್ಯಾಂಕರ್ ತರಿಸಿದ್ದು ಯಾರು?"