ಹೆಬ್ಬೆಟ್ಟು ಹೊಂದುತ್ತಿಲ್ಲ

ಕೇಂದ್ರ ಸರ್ಕಾರ ರೈತರ ಖಾತೆಗೆ ಹಾಕುವ ಕಿಸಾನ್ ಸಮ್ಮಾನ್‌ನ ಮತ್ತೊಂದು ಕಂತು ಬಿಡುಗಡೆಯಾಯಿತಂತೆ. ವೇದಿಕೆಯ ಮೇಲೆ ಗುಂಡಿ ಒತ್ತಿದರು, ಚಪ್ಪಾಳೆ ಬಿತ್ತು, ಹಣ ಹೊರಟಿತು. ನಮ್ಮೂರಿನ ಹಿರಿಯರೊಬ್ಬರಿಗೆ ಮಾತ್ರ ಅದು ಇನ್ನೂ ತಲುಪಿಲ್ಲ. ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ಪರೀಕ್ಷೆ, ಆಗಿಲ್ಲ. ಹೆಬ್ಬೆಟ್ಟು ಹೊಂದುತ್ತಿಲ್ಲ.

ಹೇಗೆ ಹೊಂದೀತು? ಐವತ್ತು ವರ್ಷ ಗುದ್ದಲಿ, ಕುಡುಗೋಲು, ಎತ್ತಿನ ಹಗ್ಗ ಹಿಡಿದ ಬೆರಳು. ಗೆರೆಗಳೆಲ್ಲ ಹೊಲದಲ್ಲೇ ಸವೆದುಹೋಗಿವೆ. ಜೀವಮಾನದಲ್ಲಿ ಒಂದು ಕಳೆ ಕೀಳದ ನನ್ನ ಬೆರಳನ್ನಾದರೆ ಯಂತ್ರ ಇಟ್ಟ ಕೂಡಲೇ ಒಪ್ಪಿಕೊಳ್ಳುತ್ತದೆ.

ಹಿಂದೆ ‘ಹೆಬ್ಬೆಟ್ಟು’ ಎಂದರೆ ಬೈಗುಳವಾಗಿತ್ತು. 1990ರ ದಶಕದಲ್ಲಿ ಸಾಕ್ಷರತಾ ಆಂದೋಲನದವರು ಬಂದು ಆ ಕಳಂಕ ತೊಳೆದರು. ಈ ಹಿರಿಯರೂ ಲಾಟೀನಿನ ಬೆಳಕಿನಲ್ಲಿ ಕುಳಿತು ಒಂದಿಡೀ ಮಳೆಗಾಲ ಸಹಿ ಕಲಿತರು. ಕೊನೆಯಲ್ಲೊಂದು ಉದ್ದನೆಯ ಬಾಲವಿರುವ, ತಹಶೀಲ್ದಾರರಿಗೂ ಹೊಟ್ಟೆಕಿಚ್ಚು ಹುಟ್ಟಿಸುವಂಥ ಸಹಿ. ಈಗ ಅದನ್ನು ಕೇಳುವವರಿಲ್ಲ. ಪದವೀಧರನೂ ಹೆಬ್ಬೆಟ್ಟೇ ಒತ್ತಬೇಕು. ಸಮಾನತೆ ಬಂದೇ ಬಿಟ್ಟಿತು.

ಬೆರಳು ಕೈಕೊಟ್ಟವರಿಗೆಂದು 2023ರಲ್ಲಿ ಮುಖ ತೋರಿಸುವ ಸೌಲಭ್ಯ ಬಂತು. ಮೊಬೈಲ್ ಎದುರು ರೆಪ್ಪೆ ಬಡಿಯಬೇಕು. ಪೊರೆ ತೆಗೆಸಿಕೊಂಡ ಕಣ್ಣಿನಲ್ಲಿ ಎಪ್ಪತ್ತರ ಈ ಮನುಷ್ಯ ಸರ್ಕಾರಕ್ಕೆ ಕಣ್ಣು ಹೊಡೆಯುವುದನ್ನು ಅವರ ಹೆಂಡತಿ ಪಕ್ಕದಲ್ಲೇ ನಿಂತು ನೋಡಿದರು. ಅದೂ ಫಲಿಸಲಿಲ್ಲ.

ಇಷ್ಟೆಲ್ಲ ಯಾವ ನಿಧಿಗೆ? ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. 2019ರಲ್ಲಿ ಘೋಷಿಸಿದಾಗಿನಿಂದ ಅಂಕಿ ಅಲುಗಾಡಿಲ್ಲ. ದಿನಕ್ಕೆ ಹದಿನಾರೂವರೆ ರೂಪಾಯಿಯಷ್ಟು ಸಮ್ಮಾನ. ಒಂದು ಕಂತಿನಲ್ಲಿ ಒಂದು ಚೀಲ ಡಿಎಪಿ, ಮಿಕ್ಕಿದ್ದರಲ್ಲಿ ಎರಡು ಚೀಲ ಯೂರಿಯಾ. ಸಿಕ್ಕಿದರೆ. ಗೊಬ್ಬರದ ಅಂಗಡಿಯಲ್ಲೂ ಹೆಬ್ಬೆಟ್ಟು. ಇದರ ಮೇಲೆ ರಾಜ್ಯ ಸರ್ಕಾರ ಕೊಡುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತುಹೋಯಿತು. ಅದನ್ನು ನಿಲ್ಲಿಸುವುದಕ್ಕೆ ಯಾವ ರೈತನ ಬೆರಳಚ್ಚೂ ಬೇಕಾಗಲಿಲ್ಲ.

ತಮಾಷೆ ಸಾಕು. ಎರಡು ಎಕರೆಯಲ್ಲಿ ರಾಗಿ ಬೆಳೆಯುವ ಮನುಷ್ಯ, ಕದ್ದು ಸಿಕ್ಕಿಬಿದ್ದವರಂತೆ, ಪಂಚೆಯ ಅಂಚಿಗೆ ಬೆರಳು ಉಜ್ಜುತ್ತಾ ನಿಂತಿದ್ದರು. ಬಸ್ಸಿನ ಖರ್ಚು, ಕಳೆದುಹೋದ ಕೆಲಸದ ದಿನಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ತಾನು ತಾನೇ ಎಂದು ಈ ಮನುಷ್ಯ ಇನ್ನೆಷ್ಟು ಸಲ ಹೇಳಬೇಕು?

ಯಂತ್ರದ ಹಿಂದಿದ್ದ ಹುಡುಗ ಒಳ್ಳೆಯವನೇ. ಮೆಲ್ಲಗೆ ಉಪಾಯ ಹೇಳಿಕೊಟ್ಟ: “ಯಜಮಾನರೇ, ಹದಿನೈದು ದಿನ ಹೊಲದ ಕೆಲಸ ಬಿಟ್ಟುಬಿಡಿ. ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಗೆರೆ ಮೂಡುತ್ತವೆ.”

ರಾಗಿ ಕೊಯ್ಲಿಗೆ ಬಂದಿತ್ತು.